ಕೋಠಿಯಿಂದ ಬೊಲಾರಂವರೆಗೆ: ರೆಸಿಡೆಂಟರ ಮನೆಗಳಲ್ಲಿ ಕನ್ನಡ ಸೀಮೆಯ ಕಥೆ

ಬೀದರ್, ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಬರುವ ಬಸ್ಸುಗಳು ಪಟಾನ್‌ಚೆರು, ಮಿಯಾಪುರ, ಕೂಕಟ್‌ಪಲ್ಲಿ ದಾಟಿ ಬಾಲಾನಗರದ ತಿರುವಿನ ಪಕ್ಕದಲ್ಲೇ ಹಾದು ಊರೊಳಗೆ ಇಳಿಯುತ್ತವೆ. ಬಾಲಾನಗರ ಎಂದ ಕೂಡಲೇ ನೆನಪಾಗುವುದು ಕಾರ್ಖಾನೆಗಳು: ಎಚ್‌ಎಎಲ್ ಘಟಕ, ಒಂದು ಕಾಲಕ್ಕೆ ಔಷಧಕ್ಕೆ ಹೆಸರಾಗಿದ್ದ ಐಡಿಪಿಎಲ್, ಲೇತ್ ಮಿಷಿನ್ನುಗಳ ಸದ್ದು ಹೊರಗೆ ರಸ್ತೆಗೂ ಕೇಳುವ ಸಣ್ಣಪುಟ್ಟ ಷೆಡ್ಡುಗಳು. ಪ್ರವಾಸಿಗರು ಹುಡುಕಿಕೊಂಡು ಬರುವ ಜಾಗ ಇದಲ್ಲ. ಆದರೂ ಹೈದರಾಬಾದಿನ ಬ್ರಿಟಿಷ್ ಕಾಲವನ್ನು ಕಣ್ಣಾರೆ ನೋಡಬೇಕೆನ್ನುವವರು ಇಲ್ಲಿಂದ ಹೊರಟರೆ ಅನುಕೂಲ. ಬಾಲಾನಗರದ ಮೆಟ್ರೊ ನಿಲ್ದಾಣದಲ್ಲಿ ಎಲ್.ಬಿ. ನಗರದ ಗಾಡಿ ಹತ್ತಿ ಉಸ್ಮಾನಿಯಾ ಮೆಡಿಕಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ, ಕೋಠಿಯ ಹಳೆಯ ರೆಸಿಡೆನ್ಸಿ ನಡೆದು ಹೋಗುವಷ್ಟು ಹತ್ತಿರ. ಅದೇ ಬಾಲಾನಗರದಿಂದ ಬೋಯಿನ್‌ಪಲ್ಲಿಯ ದಾರಿ ಹಿಡಿದು ದಂಡಿನ ಪ್ರದೇಶ ದಾಟಿದರೆ ಬೊಲಾರಂ. ಅಲ್ಲಿ ರೆಸಿಡೆಂಟರ ಇನ್ನೊಂದು ಮನೆ, ಇವತ್ತಿನ ರಾಷ್ಟ್ರಪತಿ ನಿಲಯ.

ಎರಡೂ ಮನೆಗಳ ಬಗ್ಗೆ ಜನ ಸಾಮಾನ್ಯವಾಗಿ ಹೇಳುವುದು ಎರಡೇ ಕಥೆ. ಕೋಠಿಯದು ಪ್ರೇಮಕಥೆ. ಬೊಲಾರಂನದು ರಾಷ್ಟ್ರಪತಿಗಳು ಚಳಿಗಾಲದಲ್ಲಿ ಬಂದು ತಂಗುವ ತೋಟದ ಕಥೆ. ಎರಡೂ ನಿಜ, ಎರಡೂ ಸುಂದರ. ಆದರೆ ಕನ್ನಡ ನಾಡಿನಿಂದ ಹೋದವರು ಓದಿಕೊಳ್ಳಬೇಕಾದ ಮೂರನೆಯ ಕಥೆಯೊಂದು ಈ ಗೋಡೆಗಳ ನಡುವೆ ಇದೆ. ಬಳ್ಳಾರಿ ಮದ್ರಾಸಿಗೆ ಸೇರಿದ್ದು, ರಾಯಚೂರು ಸಾಲಕ್ಕೆ ಅಡವಾಗಿ ಹೋಗಿ ಮರಳಿ ಬಂದದ್ದು, ಸುರಪುರದ ನಾಯಕರ ಸಂಸ್ಥಾನ ಅಳಿದದ್ದು, ಇವೆಲ್ಲ ನಡೆದದ್ದು ಹೈದರಾಬಾದಿನ ರೆಸಿಡೆಂಟರ ಕೈಯಲ್ಲಿ. ಕಲ್ಯಾಣ ಕರ್ನಾಟಕದ ಹತ್ತೊಂಬತ್ತನೆಯ ಶತಮಾನವನ್ನು ಅರಿಯಲು ಈ ಎರಡು ಮನೆಗಳಷ್ಟು ಒಳ್ಳೆಯ ಜಾಗ ಬೇರೆ ಸಿಗುವುದು ಕಷ್ಟ.

ರೆಸಿಡೆಂಟ್ ಎಂದರೆ ದೇಶೀ ಅರಸನ ರಾಜಧಾನಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಇರಿಸಿದ ಪ್ರತಿನಿಧಿ. ಹೆಸರಿಗೆ ಅವನು ರಾಯಭಾರಿ. ಆದರೆ ಕಂಪನಿಯ ಸೈನ್ಯ ಆ ರಾಜ್ಯದೊಳಗೆ ಬೀಡುಬಿಟ್ಟ ಮೇಲೆ, ಅದರ ಖರ್ಚನ್ನು ಅರಸನೇ ಭರಿಸುವ ಸಹಾಯಕ ಸೈನ್ಯ ಪದ್ಧತಿ ಬಂದ ಮೇಲೆ, ರೆಸಿಡೆಂಟನ ಮಾತಿಗೆ ಮಂತ್ರಿಗಳೂ ತಲೆಬಾಗಬೇಕಾಯಿತು. ಹೈದರಾಬಾದ್ ಆ ಒಪ್ಪಂದಕ್ಕೆ ಸಹಿ ಹಾಕಿದ್ದು 1798ರ ಸೆಪ್ಟೆಂಬರಿನಲ್ಲಿ. ಮುಂದಿನ ತಿಂಗಳೇ ನಿಜಾಮನ ಬಳಿಯಿದ್ದ ಫ್ರೆಂಚ್ ತರಬೇತಿಯ ಪಡೆಯ ಆಯುಧಗಳನ್ನು ಕಂಪನಿ ಕಿತ್ತುಕೊಂಡಿತು. ಈ ಎರಡೂ ಕೆಲಸಗಳನ್ನು ಮುಂದೆ ನಿಂತು ಮಾಡಿದವನು ಜೇಮ್ಸ್ ಅಖಿಲೀಸ್ ಕಿರ್ಕ್‌ಪ್ಯಾಟ್ರಿಕ್. ಕೋಠಿಯ ಮನೆ ಕಟ್ಟಿಸಿದವನೂ ಅವನೇ.

ಆ ಮನೆಯ ಜಮೀನಿನ ಬಗ್ಗೆ ಒಂದು ಪ್ರಸಂಗವನ್ನು ಕಿರ್ಕ್‌ಪ್ಯಾಟ್ರಿಕ್‌ನ ಸಮಕಾಲೀನ ಜಾನ್ ಮಾಲ್ಕಂ ಹೇಳಿದ್ದಾನೆ. ಕಿರ್ಕ್‌ಪ್ಯಾಟ್ರಿಕ್ ತನಗೆ ಬೇಕಾದ ಜಾಗವನ್ನು ದೊಡ್ಡ ಹಾಳೆಯಲ್ಲಿ ನಕ್ಷೆ ಬರೆಸಿ ನಿಜಾಮ್ ಅಲಿ ಖಾನನ ಮುಂದೆ ಹರಡಿದ. ನಿಜಾಮ ನೋಡಿ, ಆಗುವುದಿಲ್ಲ ಎಂದುಬಿಟ್ಟ. ಬೇಸರದಿಂದ ಹೊರಬಂದ ರೆಸಿಡೆಂಟನಿಗೆ ಮಂತ್ರಿ ಗುಟ್ಟು ತಿಳಿಸಿದ: ನಕ್ಷೆ ಹೆಚ್ಚುಕಡಿಮೆ ಇಡೀ ರಾಜ್ಯದ ನಕ್ಷೆಯಷ್ಟೇ ದೊಡ್ಡದಿತ್ತು, ಅದಕ್ಕೇ ನಿಜಾಮ ಬೆದರಿದ. ಅದೇ ನಕ್ಷೆಯನ್ನು ಪುಟ್ಟ ಚೀಟಿಯ ಮೇಲೆ ಬರೆದು ತಂದಾಗ ಒಪ್ಪಿಗೆ ಸಿಕ್ಕಿತು. ಮುದುಕ ನಿಜಾಮನ ಭೋಳೇತನಕ್ಕೆ ಉದಾಹರಣೆಯಾಗಿ ಈ ಕಥೆಯನ್ನು ಹೇಳುತ್ತಾರೆ. ಆದರೆ ನಕ್ಷೆ ಕಂಡರೆ ಬೆದರಲು ಅವನಿಗೆ ತಕ್ಕ ಕಾರಣವಿತ್ತು. ಮನೆಯ ಕೆಲಸ ಶುರುವಾದದ್ದು 1803ರಲ್ಲಿ. ಅದಕ್ಕೆ ಮೂರೇ ವರ್ಷ ಮೊದಲು ಅದೇ ಕಿರ್ಕ್‌ಪ್ಯಾಟ್ರಿಕ್ ಅವನ ರಾಜ್ಯದ ದಕ್ಷಿಣದ ತುಂಡನ್ನೇ ಬರೆಸಿಕೊಂಡಿದ್ದ.

ಆ ತುಂಡಿನಲ್ಲೇ ಬಳ್ಳಾರಿ ಇದ್ದದ್ದು. ಟಿಪ್ಪು ಸುಲ್ತಾನನ ವಿರುದ್ಧ 1792 ಮತ್ತು 1799ರ ಯುದ್ಧಗಳಲ್ಲಿ ಕಂಪನಿಯ ಜೊತೆಗಿದ್ದ ನಿಜಾಮನಿಗೆ ಮೈಸೂರು ರಾಜ್ಯದ ಪಾಲು ಸಿಕ್ಕಿತ್ತು. ಅದು ಅವನ ಕೈಯಲ್ಲಿ ಹೆಚ್ಚು ದಿನ ಉಳಿಯಲಿಲ್ಲ. 1800ರ ಅಕ್ಟೋಬರ್ 12ರ ಒಪ್ಪಂದದಲ್ಲಿ, ಹೆಚ್ಚಿಸಿದ ಸೈನ್ಯದ ಖರ್ಚಿಗೆಂದು ಬಳ್ಳಾರಿ, ಅನಂತಪುರ, ಕಡಪ ಮತ್ತು ಕರ್ನೂಲಿನ ಭಾಗಗಳನ್ನು ಕಂಪನಿಗೆ ಬಿಟ್ಟುಕೊಡಬೇಕಾಯಿತು. ಥಾಮಸ್ ಮನ್ರೋ ಆ ಸೀಮೆಯ ಮೊದಲ ಪ್ರಧಾನ ಕಲೆಕ್ಟರ್ ಆಗಿ ಬಂದು 1807ರವರೆಗೆ ಆಳಿದ. ಬಳ್ಳಾರಿಯಲ್ಲಿ ರೈತವಾರಿ ಕಂದಾಯದ ಅಡಿಪಾಯ ಬಿದ್ದದ್ದು ಆಗಲೇ.

ಒಪ್ಪಂದದಲ್ಲಿ ತುಂಗಭದ್ರೆ ಗಡಿಯಾಯಿತು. ಹಂಪಿ ಒಂದು ದಡ, ಆನೆಗೊಂದಿ ಇನ್ನೊಂದು ದಡ. ವಿಜಯನಗರದ ಅರಸರು ಒಂದೇ ಊರಿನಂತೆ ಕಟ್ಟಿ ಬಾಳಿದ ನೆಲದಲ್ಲಿ ಹಂಪಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತು, ಆನೆಗೊಂದಿ ನಿಜಾಮನಲ್ಲೇ ಉಳಿಯಿತು. ಹರಿಗೋಲು ದಾಟಿದರೆ ಸರ್ಕಾರ ಬೇರೆ, ಕಚೇರಿಯ ಭಾಷೆ ಬೇರೆ, ಶಾಲೆಯ ಪಾಠ ಬೇರೆ. ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರು ರಾಜ್ಯ ಸೇರಿದ್ದು 1953ರ ಅಕ್ಟೋಬರ್ 1ರಂದು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು. ನದಿಯ ಆಚೆ ದಡ ಬಂದು ಸೇರಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಹಂಪಿಯಿಂದ ತೆಪ್ಪದಲ್ಲಿ ಆನೆಗೊಂದಿಗೆ ದಾಟುವವರು ಒಂದೂವರೆ ಶತಮಾನದ ರಾಜ್ಯಗಡಿಯೊಂದನ್ನು ದಾಟುತ್ತಿರುತ್ತಾರೆ.

ಇಷ್ಟು ತಿಳಿದು ಕೋಠಿಯ ಮನೆಯ ಮುಂದೆ ನಿಂತರೆ ಅದರ ಗಾತ್ರಕ್ಕೆ ಅರ್ಥ ಬರುತ್ತದೆ. ಅಗಲವಾದ ಮೆಟ್ಟಿಲುಗಳು, ಅವುಗಳ ಎರಡು ಕಡೆ ಬೃಹತ್ ಸಿಂಹಗಳು, ಮೇಲೆ ಕತ್ತು ಎತ್ತಿ ನೋಡುವಷ್ಟು ಎತ್ತರದ ಕೊರಿಂಥಿಯನ್ ಕಂಬಗಳು, ಕಂಬಗಳ ಮೇಲಿನ ತ್ರಿಕೋನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ. ವಿನ್ಯಾಸ ಮಾಡಿದವನು ಮದ್ರಾಸ್ ಎಂಜಿನಿಯರ್ಸ್ ಪಡೆಯ ತರುಣ ಅಧಿಕಾರಿ ಸ್ಯಾಮ್ಯುಯೆಲ್ ರಸೆಲ್, ಚಿತ್ರಕಾರ ಜಾನ್ ರಸೆಲ್‌ನ ಮಗ. ಒಳಗೆ ಎರಡು ಅಂತಸ್ತಿನ ಎತ್ತರದ ದರ್ಬಾರ್ ಹಾಲು, ಬಣ್ಣದ ಚಿತ್ತಾರದ ಚಾವಣಿ, ಮರದ ನೆಲ. ಗೋಡೆಯ ನಿಲುವುಗನ್ನಡಿಗಳು ಇಂಗ್ಲೆಂಡಿನ ಬ್ರೈಟನ್ ಅರಮನೆಯಿಂದ ಬಂದವು ಎಂಬ ಹೇಳಿಕೆ ಇದೆ. ಮಹಡಿ ಹತ್ತುವ ಮೆಟ್ಟಿಲ ಸಾಲು ಅಂಡಾಕಾರದಲ್ಲಿ ಎರಡಾಗಿ ಕವಲೊಡೆದು ಮೇಲೇರುತ್ತದೆ. ಆಧಾರ ಎಲ್ಲಿದೆ ಎಂದು ಕಣ್ಣು ಹುಡುಕುವಷ್ಟು ಹಗುರವಾಗಿ ಅದನ್ನು ಕಟ್ಟಿದ್ದಾರೆ. ಕಲ್ಕತ್ತೆಯ ಗೌರ್ನಮೆಂಟ್ ಹೌಸ್ ಒಂದನ್ನು ಬಿಟ್ಟರೆ ಇದರ ವೈಭವಕ್ಕೆ ಸಾಟಿಯಿಲ್ಲ ಎಂದು ಮಾಲ್ಕಂ ಮೆಚ್ಚಿದ್ದ. ಅದೇ ಮಾಲ್ಕಂ ಆ ವರ್ಷಗಳಲ್ಲಿ ಮೈಸೂರಿನ ರೆಸಿಡೆಂಟ್. ಮೈಸೂರಿನ ಗೌರ್ನಮೆಂಟ್ ಹೌಸ್ ಕೂಡ ಅದೇ ಕಾಲದ, ಅದೇ ಕೆಲಸಕ್ಕೆ ಎದ್ದ ಮನೆ; ಡಿ ಹ್ಯಾವಿಲೆಂಡ್ ಕಟ್ಟಿದ, ನಡುವೆ ಒಂದೂ ಕಂಬವಿಲ್ಲದ ಅದರ ಭೋಜನದ ಹಜಾರ ಎಂಜಿನಿಯರುಗಳ ಬಾಯಲ್ಲಿ ಇಂದಿಗೂ ಇದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ದಕ್ಷಿಣದಲ್ಲಿ ತನ್ನ ಯಜಮಾನಿಕೆಯನ್ನು ಹೀಗೆ ಗಾರೆ ಕೆಲಸದಲ್ಲಿ ಬರೆದು ತೋರಿಸಿತು. ಹೈದರಾಬಾದಿನಲ್ಲಿ ಅದರ ಖರ್ಚು ಬಿದ್ದದ್ದು ನಿಜಾಮನ ಖಜಾನೆಯ ಮೇಲೆ.

ಪ್ರೇಮಕಥೆಯನ್ನು ಬಿಟ್ಟು ಮುಂದೆ ಹೋಗಲಾಗದು. ಕಿರ್ಕ್‌ಪ್ಯಾಟ್ರಿಕ್ ಫಾರ್ಸಿ ಬಲ್ಲವನು, ಮನೆಯಲ್ಲಿ ಮೊಗಲ್ ಉಡುಪು ಉಡುತ್ತಿದ್ದವನು, ನಿಜಾಮನಿಂದ ಹಶ್ಮತ್ ಜಂಗ್ ಎಂಬ ಬಿರುದು ಪಡೆದವನು. ಮಂತ್ರಿ ಮೀರ್ ಆಲಂನ ಬಂಧುವರ್ಗದ ಖೈರುನ್ನೀಸಾಳನ್ನು ಇಸ್ಲಾಂ ಸಂಪ್ರದಾಯದಂತೆ ಮದುವೆಯಾದ. ಕಂಪನಿಯ ಮೇಲಧಿಕಾರಿಗಳು ವಿಚಾರಣೆಗಳನ್ನೇ ನಡೆಸಿದರು. ಪರದೆಯಲ್ಲಿದ್ದ ಹೆಂಡತಿಗಾಗಿ ತೋಟದ ಹಿಂಭಾಗದಲ್ಲಿ ರಂಗಮಹಲ್ ಕಟ್ಟಿಸಿದ. ದೊಡ್ಡ ಮನೆಯ ಮುಂಭಾಗವನ್ನು ಆಕೆ ನೋಡಲಾರಳು ಎಂದು ಅದರ ಪುಟ್ಟ ಪ್ರತಿಕೃತಿಯೊಂದನ್ನು ಅಲ್ಲೇ ಮಾಡಿಸಿದ ಎಂದು ಜನ ಹೇಳುತ್ತಾರೆ. ಆ ಪ್ರತಿಕೃತಿ ಇನ್ನೂ ಇದೆ. ರಂಗಮಹಲನ್ನು ಮುಂದೆ ಬಂದ ರೆಸಿಡೆಂಟರ ಕಾಲದಲ್ಲಿ ಕೆಡವಿದರು. 1805ರಲ್ಲಿ ಇಬ್ಬರು ಎಳೆಯ ಮಕ್ಕಳನ್ನು ಇಂಗ್ಲೆಂಡಿಗೆ ಕಳಿಸಿದ ಕಿರ್ಕ್‌ಪ್ಯಾಟ್ರಿಕ್ ಅದೇ ವರ್ಷದ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. ಖೈರುನ್ನೀಸಾ 1813ರಲ್ಲಿ ಹೋದಳು. ಮಕ್ಕಳ ಮುಖವನ್ನು ಮತ್ತೆ ಕಾಣಲಿಲ್ಲ. ಹೊರಡುವ ಮುನ್ನ ಮದ್ರಾಸಿನಲ್ಲಿ ಜಾರ್ಜ್ ಚಿನರಿ ಬರೆದ ಆ ಮಕ್ಕಳ ಚಿತ್ರ ಮಾತ್ರ ಉಳಿದಿದೆ. ವಿಲಿಯಂ ಡಾಲ್ರಿಂಪಲ್ 2002ರಲ್ಲಿ ತಂದ ‘ವೈಟ್ ಮೊಗಲ್ಸ್’ ಈ ಕಥೆಯನ್ನು ಜಗತ್ತಿಗೆ ಮತ್ತೆ ಹೇಳಿತು. ಮನೆಗೆ ಪ್ರವಾಸಿಗರ ಗಮನ ಮರಳಿ ಬರಲು ಆ ಪುಸ್ತಕದ ಪಾಲು ದೊಡ್ಡದು.

ಕಿರ್ಕ್‌ಪ್ಯಾಟ್ರಿಕ್‌ನ ನಂತರ ಮನೆಯ ಸ್ವಭಾವ ಬದಲಾಯಿತು. 1811ರಿಂದ 1820ರವರೆಗೆ ರೆಸಿಡೆಂಟನಾಗಿದ್ದ ಹೆನ್ರಿ ರಸೆಲ್, ಸಹಾಯಕ ಸೈನ್ಯ ಇದ್ದರೂ ಸಾಲದೆಂದು, ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಇನ್ನೊಂದು ಪಡೆ ಬೆಳೆಸಿದ. ಮುಂದೆ ಅದೇ ಹೈದರಾಬಾದ್ ಕಂಟಿಂಜೆಂಟ್ ಎಂದು ಹೆಸರಾಯಿತು. ಅದರ ಮುಖ್ಯ ಠಾಣೆ ಬೊಲಾರಂ. ನಮ್ಮ ಲಿಂಗಸುಗೂರಿನಲ್ಲಿಯೂ ಅದರ ಠಾಣೆ ಇತ್ತು. ಸೈನಿಕರ ಮೇಲೆ ಅಧಿಕಾರ ರೆಸಿಡೆಂಟನದು, ಸಂಬಳ ಕೊಡುವ ಹೊಣೆ ನಿಜಾಮನದು. ಕೊಡಲು ಹಣವಿಲ್ಲದಾಗ ಸರ್ಕಾರ ಸಾಹುಕಾರರ ಬಾಗಿಲು ತಟ್ಟಿತು. ರೆಸಿಡೆನ್ಸಿಯ ನೆರಳಲ್ಲೇ ವ್ಯವಹಾರ ನಡೆಸುತ್ತಿದ್ದ ವಿಲಿಯಂ ಪಾಮರ್ ಕಂಪನಿ ದುಬಾರಿ ಬಡ್ಡಿಗೆ ಸಾಲ ಕೊಟ್ಟಿತು. 1820ರಲ್ಲಿ ರಸೆಲ್‌ನ ಜಾಗಕ್ಕೆ ಬಂದ ಚಾರ್ಲ್ಸ್ ಮೆಟ್ಕಾಫ್ ಆ ವ್ಯವಹಾರ ಬಯಲಿಗೆಳೆದ, ಪಾಮರ್ ಕಂಪನಿ ಕುಸಿಯಿತು. ಸಾಲದ ಚಟ ಮಾತ್ರ ಹೋಗಲಿಲ್ಲ. ಕಂಟಿಂಜೆಂಟಿನ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋಯಿತು.

1853ರಲ್ಲಿ ಲೆಕ್ಕ ಚುಕ್ತಾ ಮಾಡುವ ದಿನ ಬಂತು. ನೆಲ ಬಿಟ್ಟುಕೊಡುವುದು ತನ್ನ ಮಾನಕ್ಕೆ ಕುಂದು ಎಂದು ನಿಜಾಮ ನಾಸಿರುದ್ದೌಲ ತುಂಬ ಹೆಣಗಿದ. ರೆಸಿಡೆಂಟ್ ಜಾನ್ ಲೋ ಸಡಿಲ ಬಿಡಲಿಲ್ಲ. ಮೇ 21ರಂದು ಒಪ್ಪಂದವಾಯಿತು. ವಿದರ್ಭದ ಬೇರಾರ್, ಧಾರಾಶಿವ ಮತ್ತು ರಾಯಚೂರು ದೋಆಬ್, ಈ ಮೂರು ಸೀಮೆಗಳನ್ನು ಕಂಟಿಂಜೆಂಟಿನ ಖರ್ಚಿಗೆಂದು ಬ್ರಿಟಿಷರ ಆಡಳಿತಕ್ಕೆ ವಹಿಸಲಾಯಿತು. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಆ ದೋಆಬಿಗಾಗಿ ವಿಜಯನಗರ ಮತ್ತು ಬಹಮನಿಗಳು ತಲೆಮಾರುಗಳ ಕಾಲ ಕಾದಾಡಿದ್ದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಕೋಟೆ ಗೆದ್ದದ್ದು ಅವನ ದೊಡ್ಡ ವಿಜಯಗಳಲ್ಲಿ ಒಂದು. ರಕ್ತ ಸುರಿಸಿ ಗೆದ್ದ, ಸೋತ ನೆಲ ಈಗ ಸಂಬಳದ ಬಾಕಿಗೆ ಕೈ ಬದಲಾಯಿಸಿತು. ಒಪ್ಪಂದವಾದ ಹತ್ತೇ ದಿನದಲ್ಲಿ ಸಾಲಾರ್ ಜಂಗ್ ದಿವಾನನಾದ. ಅವನ ಆಯುಷ್ಯದ ದೊಡ್ಡ ಭಾಗ ಬೇರಾರನ್ನು ಮರಳಿ ಪಡೆಯುವ ಪ್ರಯತ್ನದಲ್ಲಿ ಕಳೆಯಿತು.

ನಾಲ್ಕು ವರ್ಷದ ಮೇಲೆ ಕೋಠಿಯ ಗೋಡೆಗೆ ಗುಂಡು ಬಿತ್ತು. 1857ರ ಜುಲೈ 17ರ ಸಂಜೆ ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ರೋಹಿಲಾ ಸಂಗಡಿಗರೊಂದಿಗೆ ರೆಸಿಡೆನ್ಸಿಯ ಮೇಲೆ ಏರಿ ಬಂದರು. ಎದುರಿನ ಸಾಹುಕಾರರ ಮಹಡಿಮನೆಗಳನ್ನು ಹಿಡಿದು ರಾತ್ರಿಯಿಡೀ ಗುಂಡು ಹಾರಿಸಿದರು. ಕಂಪನಿಯ ತೋಪುಗಳ ಮುಂದೆ ದಾಳಿ ತಾಳಲಿಲ್ಲ. ತುರ್ರೇಬಾಜ್ ಸೆರೆಮನೆಯಿಂದ ತಪ್ಪಿಸಿಕೊಂಡು 1859ರಲ್ಲಿ ತೂಪ್ರಾನ್ ಬಳಿ ಗುಂಡಿಗೆ ಬಲಿಯಾದ. ಮೌಲ್ವಿಯನ್ನು ಅಂಡಮಾನಿಗೆ ಸಾಗಿಸಿದರು. ಕೋಠಿ ಬಸ್ ನಿಲ್ದಾಣದ ಬಳಿ ಅವರ ನೆನಪಿನ ಸ್ಮಾರಕವಿದೆ. ರೆಸಿಡೆನ್ಸಿ ನೋಡಲು ಹೋದವರು ಅದನ್ನೂ ನೋಡಬೇಕು.

ಆ ದಾಳಿಯಾದ ಮುಂದಿನ ವರ್ಷವೇ ಕನ್ನಡ ನೆಲದ ಒಬ್ಬ ಅರಸ ಕೈದಿಯಾಗಿ ಇದೇ ರೆಸಿಡೆಂಟನ ವಶಕ್ಕೆ ಬಂದ. ಅವನು ಸುರಪುರದ ರಾಜಾ ವೆಂಕಟಪ್ಪ ನಾಯಕ. ಎಳೆಯ ವಯಸ್ಸಿನಲ್ಲಿ ತಂದೆ ಕೃಷ್ಣಪ್ಪ ನಾಯಕನನ್ನು ಕಳೆದುಕೊಂಡ ಅವನ ಸಂಸ್ಥಾನವನ್ನು 1853ರವರೆಗೆ ನೋಡಿಕೊಂಡವನು ಫಿಲಿಪ್ ಮೆಡೋಸ್ ಟೇಲರ್, ‘ಕನ್‌ಫೆಶನ್ಸ್ ಆಫ್ ಎ ಥಗ್’ ಬರೆದ ಅದೇ ಟೇಲರ್. ಕಂಪನಿಯ ವಿರುದ್ಧ ಎದ್ದ ತರುಣ ರಾಜ 1858ರ ಫೆಬ್ರವರಿಯಲ್ಲಿ ಸುರಪುರದ ಕಾಳಗದ ನಂತರ ಕೆಲವೇ ಸವಾರರೊಂದಿಗೆ ಹೈದರಾಬಾದಿಗೆ ಬಂದ. ಆಶ್ರಯ ಸಿಗಲಿಲ್ಲ. ಸಾಲಾರ್ ಜಂಗ್ ಅವನನ್ನು ಹಿಡಿಸಿ ರೆಸಿಡೆಂಟ್ ಕತ್‌ಬರ್ಟ್ ಡೇವಿಡ್‌ಸನ್‌ಗೆ ಒಪ್ಪಿಸಿದ. ಸಿಕಂದರಾಬಾದಿನ ದಂಡಿನಲ್ಲಿ ಸೆರೆಯಿಟ್ಟರು.

ಟೇಲರ್ ಅಲ್ಲಿಗೆ ಹೋಗಿ ರಾಜನನ್ನು ಕಂಡದ್ದನ್ನು ತನ್ನ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾನೆ. ಚಿಕ್ಕಂದಿನಿಂದ ಅಪ್ಪಾ ಎಂದು ಕರೆದ ಟೇಲರನನ್ನು ಕಂಡು ವೆಂಕಟಪ್ಪ ಅತ್ತ. ದಂಗೆಗೆ ಪ್ರೇರೇಪಿಸಿದವರ ಹೆಸರು ಹೇಳಿದರೆ ಒಳ್ಳೆಯದಾದೀತು ಎಂಬ ಸೂಚನೆ ರೆಸಿಡೆಂಟನ ಕಡೆಯಿಂದ ಬಂದಿತ್ತು. ರಾಜ ಒಪ್ಪಲಿಲ್ಲ; ನಂಬಿದವರನ್ನು ಹಿಡಿದುಕೊಡುವ ಹೀನ ಕೆಲಸಕ್ಕಿಂತ ಸಾವೇ ಲೇಸು ಎಂದ. ಸಾಯಿಸುವುದಾದರೆ ಕಳ್ಳನಂತೆ ನೇಣು ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಎಂದು ಕೇಳಿಕೊಂಡ. ಮರಣದಂಡನೆ ಜೀವಾವಧಿಗೆ ಇಳಿಯಿತು, ಅದು ಕೊನೆಗೆ ಮದ್ರಾಸ್ ಹತ್ತಿರದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಅಲ್ಲಿಗೆ ಹೊರಟ ದಾರಿಯ ಬಿಡಾರದಲ್ಲಿ ಬೆಂಗಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜ ಸತ್ತ. ತಾನೇ ಹಾರಿಸಿಕೊಂಡ ಎಂಬುದು ಸರ್ಕಾರದ ಮಾತು. ಅದರ ಬಗ್ಗೆ ನಮ್ಮ ಕಡೆ ಅನುಮಾನ ಉಳಿದೇ ಇದೆ. ಆಗ ಅವನಿಗೆ ಇಪ್ಪತ್ತನಾಲ್ಕರ ಆಸುಪಾಸು.

ಮುಂದಿನ ತಿರುವು 1860. ದಂಗೆಯ ಕಾಲದಲ್ಲಿ ನಿಷ್ಠೆ ತೋರಿದ್ದಕ್ಕೆ ಬ್ರಿಟಿಷ್ ಸರ್ಕಾರ ನಿಜಾಮನೊಡನೆ ಹೊಸ ಒಪ್ಪಂದ ಮಾಡಿಕೊಂಡಿತು. 50 ಲಕ್ಷ ರೂಪಾಯಿಯ ಸಾಲ ಮನ್ನಾ ಆಯಿತು. ರಾಯಚೂರು ದೋಆಬ್ ಮತ್ತು ಧಾರಾಶಿವ ನಿಜಾಮನಿಗೆ ಮರಳಿದವು. ಮುಟ್ಟುಗೋಲು ಹಾಕಿಕೊಂಡಿದ್ದ ಸುರಪುರ ಸಂಸ್ಥಾನವೂ ಇನಾಮಿನಂತೆ ನಿಜಾಮನ ಪಾಲಾಯಿತು. ಏಳು ವರ್ಷದ ಬ್ರಿಟಿಷ್ ಆಡಳಿತದ ನಂತರ ರಾಯಚೂರು, ಲಿಂಗಸುಗೂರಿನ ಜನ ಮತ್ತೆ ಹೈದರಾಬಾದಿನ ಪ್ರಜೆಗಳಾದರು. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಬೊಲಾರಂನ ಮನೆಯ ಹುಟ್ಟೂ ಅಧಿಕೃತ ಮಾಹಿತಿಯಂತೆ ಅದೇ 1860. ಕೋಠಿಯ ದಾಳಿಯ ನೆನಪು ಇನ್ನೂ ಹಸಿಯಾಗಿದ್ದ ಹೊತ್ತು ಅದು. ಊರಿನ ಗದ್ದಲದಿಂದ ದೂರ, ಕಂಟಿಂಜೆಂಟಿನ ಸಿಪಾಯಿಗಳ ನಡುವೆ, ರೆಸಿಡೆಂಟನಿಗೆ ಹವಾ ಬದಲಾವಣೆಯ ಮನೆ ಸಿದ್ಧವಾಯಿತು. ಕೋಠಿಯ ಅಬ್ಬರ ಇಲ್ಲಿಲ್ಲ. ಒಂದೇ ಅಂತಸ್ತು, ಉದ್ದದ ಜಗಲಿ, 11 ಕೋಣೆ, ಸುತ್ತ 90 ಎಕರೆ. ದರ್ಬಾರ್ ಹಾಲು, ಊಟದ ಹಾಲು, ಬೆಳಗಿನ ಹೊತ್ತು ಕೂರುವ ಕೋಣೆ, ಸಿನಿಮಾ ಹಾಲು ಎಲ್ಲ ನೆಲದ ಮಟ್ಟದಲ್ಲೇ.

ಈ ಮನೆಯಲ್ಲಿ ಹತ್ತಿರದಿಂದ ನೋಡಬೇಕಾದದ್ದು ಅಡಿಗೆಮನೆಯ ಸುರಂಗ. ಹೊಗೆ, ಕಾವು, ಬೆಂಕಿಯ ಭಯದಿಂದ ದೊರೆಗಳು ಅಡಿಗೆಮನೆಯನ್ನು ಬಂಗಲೆಯಿಂದ ದೂರ ಇಡುತ್ತಿದ್ದರು. ಬೊಲಾರಂನಲ್ಲಿ ಬೇಯಿಸಿದ್ದನ್ನು ಊಟದ ಹಾಲಿಗೆ ತರಲು ನೆಲದಡಿಯಲ್ಲಿ ದಾರಿ ಮಾಡಿದರು. ಬಾಣಸಿಗರು, ಬಡಿಸುವವರು ಈ ಸುರಂಗದಲ್ಲೇ ಓಡಾಡಿ ಅತಿಥಿಗಳ ಕಣ್ಣಿಗೆ ಬೀಳದೆ ಕೆಲಸ ಮಾಡಿದರು. ಈಗ ಅದೇ ಸುರಂಗದ ಗೋಡೆಗಳ ಮೇಲೆ ಚೇರಿಯಾಲದ ಚಿತ್ರಗಳಿವೆ. ತೆಲಂಗಾಣದ ನಕಾಶಿ ಮನೆತನಗಳು ಕುಲಪುರಾಣ ಹಾಡುವವರಿಗಾಗಿ ಬಟ್ಟೆಯ ಸುರುಳಿಯ ಮೇಲೆ ಬರೆಯುತ್ತಿದ್ದ ಕಲೆ ಅದು. ಕೆಂಪು ಹಿನ್ನೆಲೆ, ದೊಡ್ಡ ಕಣ್ಣಿನ ಮುಖಗಳು, ಹೊಲ ಮನೆ ಹಬ್ಬಗಳ ನೋಟ. ಆಳುಗಳು ತಲೆತಗ್ಗಿಸಿ ನಡೆದ ಜಾಗದಲ್ಲಿ ಇಂದು ಜನ ನಿಂತು ನೋಡುತ್ತಾರೆ. ಹಳೆಯ ಕಟ್ಟಡಕ್ಕೆ ಹೊಸ ಬಳಕೆ ಹುಡುಕುವವರು ಇದನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು.

ರೆಸಿಡೆಂಟರ ದರ್ಪ ಬೆಳೆದ ಬಗೆಯನ್ನು ಒಂದು ಜೊತೆ ಬೂಟಿನಿಂದ ಅಳೆಯಬಹುದು. ನಿಜಾಮನ ದರ್ಬಾರಿಗೆ ಹೋಗುವ ಬಿಳಿಯ ಅಧಿಕಾರಿಗಳು ಬಹುಕಾಲ ಪಾದರಕ್ಷೆ ಕಳಚಿ, ನೆಲದ ಹಾಸಿನ ಮೇಲೆ ಕೂರುತ್ತಿದ್ದರು. 1869ರಲ್ಲಿ ಎರಡೂವರೆ ವರ್ಷದ ಮೀರ್ ಮಹಬೂಬ್ ಅಲಿ ಖಾನ್ ಗಾದಿಗೆ ಬಂದಾಗ, ರೆಸಿಡೆಂಟ್ ಸಾಂಡರ್ಸ್ ಆ ಪದ್ಧತಿ ನಿಲ್ಲಿಸಿದ. ಬೂಟು ಕಾಲಲ್ಲೇ ಉಳಿಯಿತು, ದರ್ಬಾರಿಗೆ ಕುರ್ಚಿ ಬಂತು. ಕಿರ್ಕ್‌ಪ್ಯಾಟ್ರಿಕ್‌ನ ಮೊಗಲ್ ಉಡುಪಿನ ಕಾಲ ಆಗಲೇ ಮುಗಿದುಹೋಗಿತ್ತು.

ಆದರೆ ರೆಸಿಡೆನ್ಸಿಯ ನೆರಳಲ್ಲಿ ಒಳ್ಳೆಯದೂ ಬೆಳೆಯಿತು. ಮನೆಯ ಸುತ್ತಣ ರೆಸಿಡೆನ್ಸಿ ಬಜಾರ್ ನಿಜಾಮನ ಕಾನೂನಿಗೆ ಹೊರತಾದ ಪ್ರದೇಶ. ಉರ್ದುವಿಗೆ ಪಟ್ಟ ಕಟ್ಟಿದ್ದ ರಾಜ್ಯದಲ್ಲಿ ತೆಲುಗು, ಮರಾಠಿ ಮಾತಾಡುವವರು ವಾಚನಾಲಯ, ಶಾಲೆ ತೆರೆಯಲು ಇಲ್ಲಿ ಜಾಗ ಕಂಡರು. 1901ರಲ್ಲಿ ಶುರುವಾದ ತೆಲುಗು ಗ್ರಂಥಾಲಯಕ್ಕೆ ಇಟ್ಟ ಹೆಸರು ಶ್ರೀಕೃಷ್ಣದೇವರಾಯನದು. 1907ರಲ್ಲಿ ಮರಾಠಿಗರ ವಿವೇಕವರ್ಧಿನಿ ಬಂತು. 1933ರಲ್ಲಿ ಬಜಾರು ನಿಜಾಮನಿಗೆ ಮರಳಿ ಸುಲ್ತಾನ್ ಬಜಾರ್ ಆಯಿತು. ಅಲ್ಲಿಂದ ಹತ್ತಿರದ ಕಾಚಿಗುಡದಲ್ಲಿ ಕನ್ನಡಿಗರು ಕಟ್ಟಿದ ನೃಪತುಂಗ ವಿದ್ಯಾಸಂಸ್ಥೆ ಇದೆ. ಹೈದರಾಬಾದಿನಲ್ಲಿ ಕನ್ನಡ ಕಲಿಸಿದ, ಕನ್ನಡ ನಾಟಕ ಆಡಿಸಿದ, ಏಕೀಕರಣದ ಮಾತಾಡಿದ ಹಿರಿಯರ ನೆನಪು ಆ ಸುತ್ತಿನ ಬೀದಿಗಳಲ್ಲಿದೆ.

ಬ್ರಿಟಿಷರು ಹೋದರು. 1948ರಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಹೈದರಾಬಾದಿಗೆ ಬಂದ ಕೆ.ಎಂ. ಮುನ್ಷಿ ಬೀಡುಬಿಟ್ಟದ್ದು ಬೊಲಾರಂನಲ್ಲಿ. ಆ ತಿಂಗಳುಗಳಲ್ಲಿ ರಜಾಕಾರರ ಹಾವಳಿಗೆ ಬೀದರ್, ಕಲಬುರಗಿ, ರಾಯಚೂರಿನ ಹಳ್ಳಿಗಳ ಜನ ಗಡಿ ದಾಟಿ ಶಿಬಿರಗಳಲ್ಲಿ ಇದ್ದರು. ಸೆಪ್ಟೆಂಬರ್ 17ರಂದು ನಿಜಾಮ ಕದನವಿರಾಮ ಘೋಷಿಸಿದ. ಕಲ್ಯಾಣ ಕರ್ನಾಟಕದಲ್ಲಿ ಪ್ರತಿ ವರ್ಷ ಧ್ವಜ ಏರಿಸುವ ವಿಮೋಚನಾ ದಿನ ಅದು. ಬೊಲಾರಂನ ಮನೆ ರಾಷ್ಟ್ರಪತಿಗಳ ಸುಪರ್ದಿಗೆ ಬಂತು. ದೆಹಲಿಯ ರಾಷ್ಟ್ರಪತಿ ಭವನ, ಶಿಮ್ಲಾ ಬಳಿಯ ಮಶೋಬ್ರಾದ ನಿವಾಸದಂತೆ ರಾಷ್ಟ್ರಪತಿಗಳಿಗೆ ಇರುವ ಕೆಲವೇ ಮನೆಗಳಲ್ಲಿ ಇದೂ ಒಂದು. ದಕ್ಷಿಣದಲ್ಲಿ ಬೇರೆ ಇಲ್ಲ. ಬಾಬು ರಾಜೇಂದ್ರ ಪ್ರಸಾದರ ಕಾಲದಿಂದಲೂ ಚಳಿಗಾಲದಲ್ಲಿ ಇಲ್ಲಿ ಬಂದು ತಂಗುವ ವಾಡಿಕೆ ಇದೆ.

ಕೋಠಿಯ ಮನೆಗೆ ಸಿಕ್ಕ ಯೋಗ ಇನ್ನೂ ಹಿರಿದು. 1949ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು ಅಲ್ಲಿಗೆ ಬಂತು. ದರ್ಬಾರ್ ಹಾಲಿನಲ್ಲಿ ಹೆಣ್ಣುಮಕ್ಕಳ ಸಭೆಗಳು ನಡೆದವು, ಕೋಣೆಗಳಲ್ಲಿ ಪಾಠ ನಡೆಯಿತು. ಖೈರುನ್ನೀಸಾ ಮನೆಯ ಮುಂಭಾಗ ಕಾಣದೆ ಹೋದಳೆನ್ನುವ ಆವರಣದಲ್ಲಿ ಸಾವಿರಾರು ಹುಡುಗಿಯರು ಓದಿ ಪದವಿ ಪಡೆದರು. ಆದರೆ ದುರಸ್ತಿ ಇಲ್ಲದೆ ಕಟ್ಟಡ ಸೋರಿತು, ಬಿರುಕು ಬಿಟ್ಟಿತು. ನ್ಯೂಯಾರ್ಕಿನ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2002ರಲ್ಲಿ ಇದನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಮುಂದೆ ರಾಜ್ಯ ಸರ್ಕಾರದೊಡನೆ ಕೂಡಿ ಜೀರ್ಣೋದ್ಧಾರ ನಡೆಸಿತು. 2023ರ ಜನವರಿಯಲ್ಲಿ ಹೊಸ ಕಳೆಯ ಮುಖ್ಯ ಕಟ್ಟಡ ಲೋಕಾರ್ಪಣೆಯಾಯಿತು. ಕಾಲೇಜು ಈಗ ಚಾಕಲಿ ಐಲಮ್ಮನ ಹೆಸರಿನ ಮಹಿಳಾ ವಿಶ್ವವಿದ್ಯಾಲಯ. ನಿಜಾಮನ ಕಾಲದ ಜಮೀನ್ದಾರರ ವಿರುದ್ಧ ನೆಲಕ್ಕಾಗಿ ಹೋರಾಡಿದ ಹೆಣ್ಣುಮಗಳ ಹೆಸರು ರೆಸಿಡೆಂಟನ ಮನೆಗೆ ಬಂದದ್ದು ತಕ್ಕುದಾಗಿದೆ.

ಬೊಲಾರಂ ತೆರೆದದ್ದೂ 2023ರಲ್ಲೇ. ಮೊದಲು ವರ್ಷಕ್ಕೆ ಕೆಲವೇ ದಿನ, ರಾಷ್ಟ್ರಪತಿಗಳು ಬಂದುಹೋದ ಮೇಲೆ ಜನವರಿಯ ಹೊತ್ತಿಗೆ, ಸಾರ್ವಜನಿಕರನ್ನು ಬಿಡುತ್ತಿದ್ದರು. ಆ ವರ್ಷದ ಯುಗಾದಿಯಂದು, ಮಾರ್ಚ್ 22ಕ್ಕೆ, ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ವರ್ಷವಿಡೀ ನೋಡುವ ವ್ಯವಸ್ಥೆಗೆ ಚಾಲನೆ ಕೊಟ್ಟರು. ಡಿಸೆಂಬರಿನಲ್ಲಿ 120 ಅಡಿಯ ಐತಿಹಾಸಿಕ ಧ್ವಜಸ್ತಂಭದ ಪ್ರತಿಕೃತಿ ಎದ್ದಿತು. ಔಷಧಿ ಗಿಡಗಳ ತೋಟ, 27 ನಕ್ಷತ್ರಗಳಿಗೆ ಒಂದೊಂದು ಗಿಡ ನೆಟ್ಟ ನಕ್ಷತ್ರವನ, ಮಾವು ಸಪೋಟದ ತೋಪು, ಹಳೆಯ ಮೆಟ್ಟಿಲುಬಾವಿ ಎಲ್ಲವನ್ನೂ ನಿಧಾನವಾಗಿ ಸುತ್ತಬಹುದು. ಸೋಮವಾರ ರಜೆ, ರಾಷ್ಟ್ರಪತಿಗಳು ಬಂದಾಗಲೂ ಪ್ರವೇಶವಿಲ್ಲ. ಆನ್‌ಲೈನಿನಲ್ಲಿ ಮೊದಲೇ ಸಮಯ ಕಾಯ್ದಿರಿಸಿಕೊಂಡು ಹೋಗುವುದು ಒಳ್ಳೆಯದು. ಕೋಠಿಯದು ಪಾಠ ನಡೆಯುವ ಆವರಣ, ಹಾಗಾಗಿ ಪ್ರವೇಶದ ಅನುಮತಿಯನ್ನು ವಿಚಾರಿಸಿಕೊಂಡೇ ಹೊರಡಬೇಕು.

ಈ ಕಥೆಯ ಇನ್ನೊಂದು ಮನೆ ನಮ್ಮಲ್ಲೇ ಇದೆ. ಯಾದಗಿರಿ ಜಿಲ್ಲೆಯ ಸುರಪುರದ ಗುಡ್ಡದ ಮೇಲೆ ಮೆಡೋಸ್ ಟೇಲರ್ ಕಟ್ಟಿಸಿ ಬಾಳಿದ ಬಂಗಲೆಯನ್ನು ಜನ ಟೇಲರ್ ಮಂಜಿಲ್ ಎನ್ನುತ್ತಾರೆ. ಸರ್ಕಾರಿ ಅತಿಥಿಗೃಹವಾಗಿ ಅದು ಬಳಕೆಯಾಗುತ್ತ ಬಂದಿದೆ. ವೆಂಕಟಪ್ಪ ನಾಯಕನ ಅರಮನೆ, ಕೋಟೆ ಅದೇ ಊರಿನಲ್ಲಿ. ಹೈದರಾಬಾದ್ ತನ್ನ ಎರಡು ಮನೆಗಳನ್ನು ಜನರಿಗೆ ತೆರೆದಿರುವಾಗ ಕರ್ನಾಟಕ ಸರ್ಕಾರ ಟೇಲರ್ ಮಂಜಿಲನ್ನು ಸುರಪುರದ ಇತಿಹಾಸ ಹೇಳುವ ಸಂಗ್ರಹಾಲಯವಾಗಿ ರೂಪಿಸಬೇಕು. ರಾಯಚೂರು, ಬಳ್ಳಾರಿ, ಸುರಪುರದ ಪಾಲಿಗೆ ಕೋಠಿ ಮತ್ತು ಬೊಲಾರಂ ಏನಾಗಿದ್ದವು ಎಂದು ತಿಳಿಸುವ ಕನ್ನಡದ ಫಲಕ ಆ ಮನೆಗಳಲ್ಲೂ ಇರಬೇಕು. ಅದಕ್ಕಾಗಿ ಹೈದರಾಬಾದಿನ ಕನ್ನಡ ಸಂಘಗಳು ತೆಲಂಗಾಣ ಸರ್ಕಾರಕ್ಕೂ ರಾಷ್ಟ್ರಪತಿ ಭವನಕ್ಕೂ ಮನವಿ ಕೊಡಲಿ. ಕಲ್ಯಾಣ ಕರ್ನಾಟಕದ ಶಾಲೆಗಳು ಹೈದರಾಬಾದಿಗೆ ಪ್ರವಾಸ ಹೊರಟಾಗ ಗೋಲ್ಕೊಂಡ, ಚಾರ್ಮಿನಾರ್, ಫಿಲ್ಮ್ ಸಿಟಿಯ ಪಟ್ಟಿಗೆ ಈ ಎರಡು ಮನೆಗಳನ್ನೂ ಸೇರಿಸಿಕೊಳ್ಳಲಿ. ತಮ್ಮ ಜಿಲ್ಲೆಯ ಚರಿತ್ರೆಯ ಮೂರು ದೊಡ್ಡ ತಿರುವುಗಳನ್ನು ಮಕ್ಕಳು ಅಲ್ಲಿ ಒಂದೇ ದಿನದಲ್ಲಿ ಕಲಿಯಬಲ್ಲರು.